ಹುಕ್. ಎಫ್.

ಬಾಟನಿ ಓದುವ ಯಾರದಾದರೂ ರೆಕಾರ್ಡ್ ಪುಸ್ತಕ ತೆಗೆದು ನೋಡಿ. ಗಿಡದ ಲ್ಯಾಟಿನ್ ಹೆಸರು ಮುಗಿದ ಮೇಲೆ ಒಂದು ಮೊಟಕು ಬಾಲ ಇರುತ್ತದೆ. ಕೆಲವಕ್ಕೆ ಬರೀ ಎಲ್., ಅಂದರೆ ಲಿನೇಯಸ್. ಕೆಲವಕ್ಕೆ ರಾಕ್ಸ್‌ಬ್., ಅಂದರೆ ರಾಕ್ಸ್‌ಬರೊ. ನಮ್ಮ ದೇಶದ ಗಿಡಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಇನ್ನೊಂದು ಬಾಲ ಹುಕ್. ಎಫ್. ಅನ್ನೋದು. ಮೊದಲ ವರ್ಷವೆಲ್ಲ ನಾನು ಇದನ್ನು ಅರ್ಥ ತಿಳಿಯದೆ ಬರೆದೆ. ಬರೆಯದಿದ್ದರೆ ಅರ್ಧ ಮಾರ್ಕು ಹೋಗುತ್ತಿತ್ತು, ಅಷ್ಟೇ ಕಾರಣ. ಆಮೇಲೆ ತಿಳಿಯಿತು: ಹುಕ್. ಅಂದರೆ ಹುಕರ್, ಎಫ್. ಅಂದರೆ ಲ್ಯಾಟಿನ್ನಿನ ಫಿಲಿಯಸ್, ಅಂದರೆ ಮಗ. ಹುಕರನ ಮಗ.

ನಾವೂ ಅಪ್ಪನ ಹೆಸರಿನ ಮೊದಲಕ್ಷರವನ್ನು ಜೀವನಪೂರ್ತಿ ಹೊತ್ತು ತಿರುಗುವವರೇ. ಈ ಮುಂಬಯಿಯ ಕಾಲೇಜುಗಳ ಫಾರಮ್ಮಿನಲ್ಲಿ ಸರ್‌ನೇಮ್ ಎಲ್ಲಿ ಅಂತ ಕೇಳಿದಾಗಲೆಲ್ಲ ನಮ್ಮವರು ತಲೆ ಕೆರೆದುಕೊಳ್ಳೋದು ಎಲ್ಲರಿಗೂ ಗೊತ್ತಿದೆ. ನಮಗೆ ಅಪ್ಪ ಹೆಸರಿನ ಮುಂದೆ, ಆ ಪುಣ್ಯಾತ್ಮನಿಗೆ ಹಿಂದೆ. ಅಲ್ಲಿಂದಲೇ ಅವನು ನನಗೆ ಹತ್ತಿರದವನಾದ. ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ಸಂಘದ ಪತ್ರಿಕೆಗೆ ಒಂದು ಜೀವನಚರಿತ್ರೆ ಬೇಕು ಅಂದಾಗ ಸಂಪಾದಕ ಮಿತ್ರರ ಮನಸ್ಸಿನಲ್ಲಿ ಇದ್ದದ್ದು ವಿಶ್ವೇಶ್ವರಯ್ಯನವರೋ ಕಿಟ್ಟೆಲರೋ ಇರಬೇಕು. ನಾನು ಸತ್ತು ನೂರು ವರ್ಷ ದಾಟಿದ ಒಬ್ಬ ಇಂಗ್ಲಿಷ್ ದೊರೆಯನ್ನು ಹಿಡಿದುಕೊಂಡು ಬಂದೆ. ಕಾರಣ ಒಂದು ಹೂವು. ಮೊದಲು ಅದರ ವಿಷಯ ಹೇಳಿಬಿಡುತ್ತೇನೆ.

ಪ್ರಿಮುಲಾ ಅನ್ನೋ ಕುಲ ಒಂದಿದೆ. ಇಂಗ್ಲಿಷಿನವರ ಪ್ರಿಮ್‌ರೋಸ್ ಈ ಕುಲದ್ದೇ. ಹೆಸರಿನ ಮೂಲ ಲ್ಯಾಟಿನ್ನಿನ ಮೊದಲು ಎಂಬ ಶಬ್ದ. ಅವರ ದೇಶದಲ್ಲಿ ಚಳಿ ಮುಗಿಯುತ್ತಿದ್ದ ಹಾಗೇ ಮೊದಲು ಅರಳುವ ಹೂಗಳಲ್ಲಿ ಇದೂ ಒಂದು. ಜಗತ್ತಿನಲ್ಲಿ ಇದರ ನಾನೂರಕ್ಕೂ ಹೆಚ್ಚು ಜಾತಿಗಳಿವೆ, ಅವುಗಳಲ್ಲಿ ಬಹುಪಾಲು ಹಿಮಾಲಯ ಮತ್ತು ಪಶ್ಚಿಮ ಚೀನಾದ ಬೆಟ್ಟಗಳಲ್ಲಿ. ನಮ್ಮ ಸಹ್ಯಾದ್ರಿಯಲ್ಲಿ ಒಂದೂ ತಾನಾಗಿ ಬೆಳೆಯುವುದಿಲ್ಲ. ಹಾಗಾಗಿ ಕನ್ನಡದಲ್ಲಿ ಇದಕ್ಕೆ ಹೆಸರಿಲ್ಲ, ಹುಡುಕಿ ಪ್ರಯೋಜನವೂ ಇಲ್ಲ. ಆ ನಾನೂರರಲ್ಲಿ ತೀರಾ ಚಿಕ್ಕವುಗಳ ಪೈಕಿ ಒಂದು ಪ್ರಿಮುಲಾ ಸಫೈರಿನಾ. ಸಿಕ್ಕಿಂ, ಭೂತಾನ, ಟಿಬೆಟ್ಟಿನ ಆಗ್ನೇಯ ಮೂಲೆಯಲ್ಲಿ, ಸುಮಾರು 13,000 ಅಡಿಗಿಂತ ಮೇಲೆ, ಪಾಚಿ ಕಟ್ಟಿದ ಒದ್ದೆ ಬಂಡೆಗಳ ಮೇಲೆ ಬೆಳೆಯುತ್ತದೆ. ಎಲೆಗಳು ನೆಲಕ್ಕೆ ಒತ್ತಿಕೊಂಡ ಒಂದು ಪುಟ್ಟ ಸುತ್ತು, ನಾಲ್ಕಾಣೆ ನಾಣ್ಯದ ಅಗಲ ಅಂದುಕೊಳ್ಳಿ. ಅದರ ನಡುವಿನಿಂದ ಎರಡು ಅಂಗುಲ ಮೀರದ, ದಾರದಂಥ ಒಂದು ದಂಟು. ತುದಿಯಲ್ಲಿ ಒಂದೋ ಎರಡೋ, ಹೆಚ್ಚೆಂದರೆ ನಾಲ್ಕು ಹೂ, ತಲೆ ಕೆಳಗೆ ಮಾಡಿ ತೂಗುವ ಗಂಟೆಗಳು. ಬಣ್ಣ ನೀಲಿ ಮತ್ತು ನೇರಳೆಯ ನಡುವಿನದು. ನೀಲಮಣಿಯ ಬಣ್ಣ ಅಂತ ಹೆಸರಿಟ್ಟರು.

ಅಷ್ಟು ಎತ್ತರದಲ್ಲಿ ದೊಡ್ಡದಾಗಿ ಬೆಳೆದು ಬದುಕುವುದು ಕಷ್ಟ. ಗಾಳಿ ಕೀಳುತ್ತದೆ, ಚಳಿ ಸುಡುತ್ತದೆ, ಬೆಳೆಯಲು ಸಿಗುವುದೇ ವರ್ಷದಲ್ಲಿ ಮೂರು ನಾಲ್ಕು ತಿಂಗಳು. ನೆಲಕ್ಕೆ ಅಂಟಿಕೊಂಡರೆ ನೆಲದ ಬಿಸಿ ಸಿಗುತ್ತದೆ, ಹಿಮ ಬಿದ್ದರೆ ಅದೇ ಕಂಬಳಿ. ಹೂ ಕೆಳಮುಖವಾಗಿದ್ದರೆ ಮಳೆಗೆ ಪರಾಗ ನೆನೆಯುವುದಿಲ್ಲ. ಇಂಥ ಗಿಡವನ್ನು ನೋಡಬೇಕಾದರೆ ಮೊಣಕಾಲೂರಿ, ಮುಖ ನೆಲಕ್ಕೆ ತರಬೇಕು. ಒಬ್ಬ ಮನುಷ್ಯ 1849ರ ಮಳೆಗಾಲದಲ್ಲಿ ಆ ಎತ್ತರದಲ್ಲಿ ಹೀಗೆ ಬಗ್ಗಿ ಬಗ್ಗಿ ನಡೆಯುತ್ತಿದ್ದ. ಅವನೇ ಜೋಸೆಫ್ ಡಾಲ್ಟನ್ ಹುಕರ್.

ಹುಟ್ಟಿದ್ದು 1817ರ ಜೂನ್ 30ರಂದು, ಇಂಗ್ಲೆಂಡಿನ ಸಫೊಕ್ ಪ್ರಾಂತ್ಯದ ಹೇಲ್ಸ್‌ವರ್ತ್ ಎಂಬ ಊರಿನಲ್ಲಿ. ಅಪ್ಪ ವಿಲಿಯಂ ಹುಕರ್ 1820ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಆದ. ಮಗ ಏಳು ವರ್ಷದವನಿದ್ದಾಗಲೇ ಅಪ್ಪನ ತರಗತಿಯಲ್ಲಿ ಕೂತು ಪಾಠ ಕೇಳುತ್ತಿದ್ದನಂತೆ. ಅದಕ್ಕಿಂತಲೂ ನನಗೆ ಇಷ್ಟವಾದ ಸಂಗತಿ ಬೇರೊಂದು. ಅಜ್ಜನ ತೊಡೆಯ ಮೇಲೆ ಕೂತು ಕ್ಯಾಪ್ಟನ್ ಕುಕ್‌ನ ಸಮುದ್ರಯಾನದ ಪುಸ್ತಕ ತಿರುವಿಹಾಕುವಾಗ ಕೆರ್ಗೆಲೆನ್ ಎಂಬ ದಕ್ಷಿಣದ ದ್ವೀಪದಲ್ಲಿ ನಾವಿಕರು ಪೆಂಗ್ವಿನ್ ಹೊಡೆಯುವ ಚಿತ್ರ ಕಂಡು, ಆ ಜಾಗಕ್ಕೆ ಹೋಗಲೇಬೇಕು ಅಂತ ಹುಡುಗ ಹಟ ಕಟ್ಟಿದ. ಎಷ್ಟು ಮಕ್ಕಳು ಇಂಥ ಹಟ ಕಟ್ಟುವುದಿಲ್ಲ! ಇವನು ಹೋಗಿಯೇಬಿಟ್ಟ. 1839ರಲ್ಲಿ ವೈದ್ಯ ಪದವಿ ಪಡೆದು, ಜೇಮ್ಸ್ ಕ್ಲಾರ್ಕ್ ರಾಸ್‌ನ ಎರೆಬಸ್ ಹಡಗಿನಲ್ಲಿ ಸಹಾಯಕ ಸರ್ಜನ್ ಆಗಿ ದಕ್ಷಿಣ ಧ್ರುವದ ಕಡೆ ಹೊರಟ. ಮರುವರ್ಷ ಕೆರ್ಗೆಲೆನ್ ದ್ವೀಪಕ್ಕೆ ಕಾಲಿಟ್ಟ. ನಾಲ್ಕು ವರ್ಷ ಆ ಮಂಜಿನ ಸಮುದ್ರಗಳಲ್ಲಿ ಸುತ್ತಿದ. ಹೆಪ್ಪುಗಟ್ಟಿದ ಬಂಡೆಗೆ ಅಂಟಿದ ಕಲ್ಲುಹೂವು ಬಿಡಿಸಲು ಬಾರದಿದ್ದಾಗ ಅದರ ಮೇಲೇ ಕೂತು, ಮೈಬಿಸಿಯಿಂದ ಕರಗಿಸಿ ತೆಗೆದನಂತೆ. ಗಿಡದ ಹುಚ್ಚು ಅಂದರೆ ಇದು.

1843ರಲ್ಲಿ ಹಿಂದಿರುಗಿದ ಮೇಲೆ ಡಾರ್ವಿನ್ನನ ಸ್ನೇಹ ಗಟ್ಟಿಯಾಯಿತು. ಡಾರ್ವಿನ್ ಆಗ ಒಳಗೊಳಗೇ ಒಂದು ವಿಚಾರ ಬೇಯಿಸುತ್ತಿದ್ದ. ಜೀವಜಾತಿಗಳು ಸ್ಥಿರವಲ್ಲ, ಬದಲಾಗುತ್ತವೆ ಎಂಬುದು. ಹೊರಗೆ ಹೇಳಲು ಧೈರ್ಯವಿರಲಿಲ್ಲ. 1844ರ ಜನವರಿಯಲ್ಲಿ ಅದನ್ನು ಪತ್ರದಲ್ಲಿ ಬರೆದು ತಿಳಿಸಿದ್ದು ಈ ಇಪ್ಪತ್ತಾರರ ಹುಡುಗನಿಗೆ. ಹುಕರ್ ತಕ್ಷಣ ತಲೆಯಾಡಿಸಲೂ ಇಲ್ಲ, ಹೆದರಿ ಓಡಲೂ ಇಲ್ಲ. ಗಿಡಗಳ ಲೆಕ್ಕ ಕೊಡುತ್ತ, ವಾದ ಮಾಡುತ್ತ, ಹದಿನೈದು ವರ್ಷ ಗುಟ್ಟು ಕಾದ.

ಆದರೆ ಕೆಲಸ? ಅಪ್ಪ 1841ರಿಂದ ಕ್ಯೂ ಉದ್ಯಾನದ ಡೈರೆಕ್ಟರು. ಮಗನಿಗೆ ಗಟ್ಟಿ ಹುದ್ದೆ ಇಲ್ಲ. ಉಷ್ಣದೇಶದ ಗಿಡಗಳನ್ನು ನೋಡಿರದ ಸಸ್ಯಶಾಸ್ತ್ರಜ್ಞ ಅರ್ಧ ಸಸ್ಯಶಾಸ್ತ್ರಜ್ಞ ಅನ್ನೋದು ಅವನಿಗೂ ಗೊತ್ತಿತ್ತು. ಹೀಗೆ 1847ರ ನವೆಂಬರಿನಲ್ಲಿ ಹೊರಟು, ದಾರಿಯಲ್ಲಿ ಹೊಸ ಗವರ್ನರ್ ಜನರಲ್ ಡಾಲ್‌ಹೌಸಿಯ ಪರಿವಾರದ ಜತೆ ಸೇರಿಕೊಂಡು, 1848ರ ಜನವರಿಯಲ್ಲಿ ಕಲ್ಕತ್ತೆಗೆ ಬಂದಿಳಿದ. ಏಪ್ರಿಲ್‌ನಲ್ಲಿ ಡಾರ್ಜಿಲಿಂಗ್. ಅಲ್ಲಿ ಬ್ರಯಾನ್ ಹಾಜ್ಸನ್ ಎಂಬ ವಿದ್ವಾಂಸ, ನೇಪಾಳದಲ್ಲಿ ಬಹುವರ್ಷ ಕಂಪನಿಯ ರೆಸಿಡೆಂಟ್ ಆಗಿದ್ದವನು, ತನ್ನ ಮನೆಯಲ್ಲಿ ಇಟ್ಟುಕೊಂಡ. ಊರಿನ ಸೂಪರಿಂಟೆಂಡೆಂಟ್ ಆರ್ಚಿಬಾಲ್ಡ್ ಕ್ಯಾಂಪ್‌ಬೆಲ್ ಗೆಳೆಯನಾದ. ಕಿಟಕಿಯಿಂದ ನೋಡಿದರೆ ಕಾಂಚನಜುಂಗಾ. ಆ ಬೆಟ್ಟದ ಬುಡಕ್ಕೆ ಹೋಗುವ ದಾರಿ ಮಾತ್ರ ಸಿಕ್ಕಿಂ ರಾಜನ ಕೈಯಲ್ಲಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹುಕರನ ಬಗ್ಗೆ ಬರೆಯುವವರು ಸಿಕ್ಕಿಂ ರಾಜನನ್ನೂ ಅವನ ದಿವಾನನನ್ನೂ ಹೂ ಕೀಳಲು ಬಿಡದ ಹಟಮಾರಿಗಳ ಹಾಗೆ ಚಿತ್ರಿಸುವುದುಂಟು. ಓದುವಾಗ ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಡಾರ್ಜಿಲಿಂಗ್ ಯಾರದು? 1835ರ ತನಕ ಸಿಕ್ಕಿಮಿನದೇ. ಹವಾ ಬದಲಾವಣೆಗೆ ಒಂದು ಜಾಗ ಬೇಕು ಅಂತ ಕೇಳಿ ಕಂಪನಿ ಪಡೆದುಕೊಂಡಿತ್ತು. ಹದಿಮೂರು ವರ್ಷದಲ್ಲಿ ಅಲ್ಲಿ ಊರೇ ಎದ್ದು ನಿಂತಿತ್ತು, ಕ್ಯಾಂಪ್‌ಬೆಲ್ ಚಹಾ ಗಿಡ ಹಾಕಿ ನೋಡಿದ್ದ, ಸಿಕ್ಕಿಮಿನ ಒಡೆಯರಿಂದ ತಪ್ಪಿಸಿಕೊಂಡ ಗುಲಾಮರು ಅಲ್ಲಿಗೆ ಓಡಿಬರುತ್ತಿದ್ದರು. ಈಗ ಇನ್ನೊಬ್ಬ ಬಿಳಿಯ ಬಂದು, ಟಿಬೆಟ್ ಗಡಿಯ ತನಕ ಹೋಗಬೇಕು, ಹೂ ನೋಡಬೇಕು ಅಂದರೆ ಯಾವ ರಾಜ ನಂಬುತ್ತಾನೆ? ಆ ಬಿಳಿಯನ ಕೈಯಲ್ಲಿ ದಿಕ್ಸೂಚಿ, ಬ್ಯಾರೊಮೀಟರ್, ನಕ್ಷೆಯ ಕಾಗದ ಬೇರೆ. ಹುಕರನಿಗೆ ಹೂವೇ ಬೇಕಿತ್ತು, ಸುಳ್ಳಲ್ಲ. ಆದರೆ ಸಿಕ್ಕಿಮಿನ ನಕ್ಷೆಯನ್ನೂ ಅವನೇ ಬರೆದ, ಆಮೇಲೆ ಬಹುಕಾಲ ಸರ್ಕಾರ ನಂಬಿದ್ದು ಅದೇ ನಕ್ಷೆಯನ್ನು.

1848ರ ಅಕ್ಟೋಬರ್ ಕೊನೆಗೆ ಮೊದಲ ದೊಡ್ಡ ಪಯಣ, ಪೂರ್ವ ನೇಪಾಳದ ಕಡೆಗೆ. ಜತೆಗೆ ಐವತ್ತಾರು ಜನ. ಹೊರೆಯಾಳುಗಳು, ಕಾವಲಿನವರು, ಹಕ್ಕಿ ಹೊಡೆದು ಚರ್ಮ ತುಂಬುವವರು. ಅವರ ನಡುವೆ ಕೆಲವು ಲೆಪ್ಚಾ ಹುಡುಗರು. ಅವರ ಕೆಲಸ ಮರ ಹತ್ತಿ ಹೂ ಕೀಳೋದು, ಒತ್ತಿಟ್ಟ ಗಿಡಗಳ ನಡುವಿನ ಕಾಗದ ಬದಲಿಸೋದು. ಈ ಎರಡನೇ ಕೆಲಸದ ಕಷ್ಟ ನಮ್ಮ ಲ್ಯಾಬಿನ ಗೆಳೆಯರಿಗೆ ಮಾತ್ರ ಅರ್ಥವಾದೀತು. ಹಸಿ ಗಿಡ ಕಾಗದದ ನಡುವೆ ಇಟ್ಟರೆ ಕಾಗದ ನೀರು ಹೀರುತ್ತದೆ. ಮರುದಿನ ಆ ಕಾಗದ ತೆಗೆದು ಒಣಗಿದ್ದು ಇಡಬೇಕು. ಒಂದು ದಿನ ಬಿಟ್ಟರೆ ಬೂಸಲು, ಎರಡು ದಿನ ಬಿಟ್ಟರೆ ಕೊಳೆ. ಮುಂಬಯಿಯ ಜುಲೈ ತಿಂಗಳಲ್ಲಿ ಫ್ಯಾನಿನ ಕೆಳಗೆ ಇಪ್ಪತ್ತು ಗಿಡ ಒಣಗಿಸಲು ನನಗೆ ಸಾಕುಬೇಕಾಗಿತ್ತು. ಅವರು ಸಾವಿರಗಟ್ಟಲೆ ಗಿಡವನ್ನು ಸಿಕ್ಕಿಮಿನ ಮಳೆಗಾಲದಲ್ಲಿ, ಬೆಂಕಿಯ ಮುಂದೆ ಕಾಗದ ಹಿಡಿದು ಒಣಗಿಸಿದರು. ಆ ಹುಡುಗರ ಹೆಸರು ಯಾವ ಗಿಡದ ಬಾಲಕ್ಕೂ ಸೇರಲಿಲ್ಲ. ಕ್ಯಾಂಪ್‌ಬೆಲ್ಲನ ಹೆಂಡತಿಯ ಹೆಸರಿನಲ್ಲಿ, ಹಾಜ್ಸನ್ನನ ಹೆಸರಿನಲ್ಲಿ, ಲೇಡಿ ಡಾಲ್‌ಹೌಸಿಯ ಹೆಸರಿನಲ್ಲಿ ಒಂದೊಂದು ರೊಡೊಡೆಂಡ್ರಾನ್ ಇದೆ. ಲೆಪ್ಚಾಗಳು ಒಳ್ಳೆಯವರು, ಸೌಮ್ಯರು, ಕಾಡಿನ ಗಿಡಗಳನ್ನೆಲ್ಲ ಬಲ್ಲವರು ಅಂತ ಹುಕರ್ ಮನಸ್ಸುಬಿಚ್ಚಿ ಬರೆದಿದ್ದಾನೆ. ಹೊಗಳಿದ, ಹೆಸರಿಡಲಿಲ್ಲ.

1849ರ ಮೇ 3ರಂದು ಮತ್ತೆ ಹೊರಟ, ಈ ಸಲ ನೇರ ಸಿಕ್ಕಿಮಿನ ಒಳಕ್ಕೆ. ತೀಸ್ತಾ ನದಿಯ ಜಾಡು ಹಿಡಿದು ಉತ್ತರಕ್ಕೆ. ಬಿಡದ ಮಳೆ, ಜಿಗಣೆ, ಕುಸಿದ ದಾರಿ. ಬೆತ್ತದ ತೂಗುಸೇತುವೆಯೊಂದನ್ನು ದಾಟುವಾಗ ಅವನ ಪ್ರೀತಿಯ ನಾಯಿ ಕಿಂಚಿನ್ ಕಾಲುಜಾರಿ ಹೊಳೆಗೆ ಬಿದ್ದು ಕೊಚ್ಚಿಹೋಯಿತು. ಡಾರ್ಜಿಲಿಂಗ್‌ನಿಂದ ಬರಬೇಕಾದ ಅಕ್ಕಿ ಬರುತ್ತಿರಲಿಲ್ಲ. ಜತೆಯವರು ಹಸಿದರು. ರಾಜನ ಕಡೆಯ ಸುಬಾ ಒಬ್ಬ ಬಂದು, ಗಡಿ ಇಲ್ಲಿಗೇ ಮುಗಿಯಿತು ಅಂತ ಸಾಧಿಸುತ್ತ ವಾರಗಟ್ಟಲೆ ತಡೆದ. ಹುಕರ್ ಜಗಳಕ್ಕೆ ಹೋಗಲಿಲ್ಲ. ಡೇರೆ ಹಾಕಿ ಕೂತು, ಸುತ್ತಲಿನ ಗಿಡ ಸಂಗ್ರಹಿಸುತ್ತ, ಸುಬಾನಿಗೇ ಬೇಸರ ಬರುವ ತನಕ ಕಾದ. ಜುಲೈ 24ರಂದು ಕೊಂಗ್ರಾ ಲಾಮಾ ಕಣಿವೆದಾರಿಯನ್ನು ಮುಟ್ಟಿದ, ಸೆಪ್ಟೆಂಬರ್ 9ರಂದು ಡೊಂಕಿಯಾವನ್ನು. ಡೊಂಕಿಯಾದ ಎತ್ತರ ಅವನ ಲೆಕ್ಕದಲ್ಲಿ 18,466 ಅಡಿ. ಎದುರಿಗೆ ಟಿಬೆಟ್ಟಿನ ಬೋಳು ಬಯಲು.

ಈ ತಿಂಗಳುಗಳೇ ಪ್ರಿಮುಲಾಗಳ ತಿಂಗಳುಗಳು. ಕೆಳಗೆ ಜೌಗಿನಲ್ಲಿ ಹಳದಿ ಗಂಟೆಗಳ ಪ್ರಿಮುಲಾ ಸಿಕ್ಕಿಮೆನ್ಸಿಸ್. ಹುಲ್ಲಿನ ಇಳಿಜಾರಿನಲ್ಲಿ ವಿಭೂತಿ ಬಳಿದುಕೊಂಡ ಹಾಗೆ ಬಿಳಿ ಹುಡಿ ಮೆತ್ತಿದ ಕ್ಯಾಪಿಟಾಟಾ. ಇವೆರಡರ ಬೀಜ ಕ್ಯೂಗೆ ಹೋಗಿ, ಅಲ್ಲಿ ಹೂ ಬಿಟ್ಟು, ಬೇಗನೆ ಹೆಸರು ಪಡೆದವು. ಇನ್ನೂ ಮೇಲೆ, ಮರ ಮುಗಿದು, ಪೊದೆಯೂ ಮುಗಿದು, ಪಾಚಿಯಷ್ಟೇ ಉಳಿಯುವ ಎತ್ತರದಲ್ಲಿ ಆ ನೀಲಿ ಚುಕ್ಕೆಗಳು. ಅದರ ಒಣ ಗಿಡ ಬಂದದ್ದು ಈ ಸಿಕ್ಕಿಂ ಸಂಗ್ರಹದಿಂದಲೇ.

ನವೆಂಬರಿನ ಕಥೆ ಚಿಕ್ಕದಾಗಿ ಹೇಳುತ್ತೇನೆ. ಅಕ್ಟೋಬರಿನಲ್ಲಿ ಕ್ಯಾಂಪ್‌ಬೆಲ್ ಬಂದು ಸೇರಿಕೊಂಡ. ಇಬ್ಬರೂ ತಡೆದವರನ್ನು ಲೆಕ್ಕಿಸದೆ ಟಿಬೆಟ್ಟಿನ ನೆಲಕ್ಕೆ ಹೊಕ್ಕು, ಚೋಲಮು ಸರೋವರ ನೋಡಿಕೊಂಡು, ಡೊಂಕಿಯಾ ಮೂಲಕ ಇಳಿದುಬಂದರು. ಆಮೇಲೆ ಚೋ ಲಾ ಕಡೆಯಿಂದ ಮತ್ತೊಮ್ಮೆ ಪ್ರಯತ್ನ. ಟಿಬೆಟ್ಟಿನ ಕಾವಲಿನವರು ಹಿಂದಕ್ಕೆ ಕಳಿಸಿದರು. ಇಳಿದುಬರುವಾಗ, ನವೆಂಬರ್ 7ರ ಸಂಜೆ, ದಿವಾನನ ಕಡೆಯವರು ಕ್ಯಾಂಪ್‌ಬೆಲ್ಲನನ್ನು ಹಿಡಿದು, ಕಟ್ಟಿ, ಹೊಡೆದರು. ಅವರಿಗೆ ಬೇಕಾಗಿದ್ದವನು ಅಧಿಕಾರಿ, ಹೂವಿನವನಲ್ಲ. ಹುಕರ್ ತನ್ನ ಪಾಡಿಗೆ ಹೋಗಬಹುದಿತ್ತು. ಹೋಗಲಿಲ್ಲ, ಗೆಳೆಯನ ಜತೆ ಸೆರೆಯಲ್ಲಿ ಉಳಿದ. ಇಬ್ಬರೂ ಡಾರ್ಜಿಲಿಂಗ್ ತಲಪಿದ್ದು ಡಿಸೆಂಬರ್ 24ಕ್ಕೆ.

ಮುಂದಿನದು ಗೆಳೆಯರಿಬ್ಬರ ಕಥೆಯಲ್ಲ, ರಾಜ್ಯದ ಕಥೆ. 1850ರಲ್ಲಿ ಕಂಪನಿಯ ದಂಡು ರಂಗೀತ್ ನದಿಯ ದಡಕ್ಕೆ ಬಂತು. ಡಾರ್ಜಿಲಿಂಗ್‌ಗಾಗಿ ರಾಜನಿಗೆ ವರ್ಷವರ್ಷ ಕೊಡುತ್ತಿದ್ದ ಹಣ ನಿಂತಿತು. ತರಾಯಿಯೂ ಕೆಳಗಿನ ಬೆಟ್ಟಗಳೂ ಸೇರಿ ಸುಮಾರು 640 ಚದರ ಮೈಲಿ ನೆಲ ಸಿಕ್ಕಿಮಿನ ಕೈತಪ್ಪಿತು. ಉಣ್ಣುವ ಅನ್ನ ಬೆಳೆಯುತ್ತಿದ್ದ ನೆಲ ಅದು. ಆರು ವಾರದ ಸೆರೆಗೆ ಇಷ್ಟು ದಂಡ. ಹುಕರ್ ಇದನ್ನು ಸರಿ ಅಂತಲೇ ನಂಬಿದ್ದ, ಇನ್ನೂ ಕಠಿಣವಾಗಿ ನಡೆದುಕೊಳ್ಳಬೇಕಿತ್ತು ಎಂಬ ಭಾವನೆಯೂ ಅವನಿಗಿತ್ತು. ನಾನು ಅವನನ್ನು ಎಷ್ಟೇ ಮೆಚ್ಚಿದರೂ ಇಲ್ಲಿ ಬಂದಾಗ ಗಂಟಲಲ್ಲಿ ಮುಳ್ಳು ಸಿಕ್ಕಿಕೊಳ್ಳುತ್ತದೆ. ಎರಡು ಅಂಗುಲದ ಹೂವಿನ ಮುಂದೆ ಮೊಣಕಾಲೂರಬಲ್ಲವನು, ಆ ಹೂವಿದ್ದ ನೆಲ ಯಾರದು ಅನ್ನುವುದನ್ನು ಬಗ್ಗಿ ನೋಡಲಿಲ್ಲ.

ಹೀಗೆ ಬರೆಯಲು ನನಗೂ ಅಷ್ಟೇನೂ ಅಧಿಕಾರವಿಲ್ಲ. ಕೊನೆಯ ವರ್ಷದ ಸ್ಟಡಿ ಟೂರಿನಲ್ಲಿ ನಾವು ಮೇ ತಿಂಗಳಲ್ಲಿ ಉತ್ತರ ಸಿಕ್ಕಿಮಿಗೆ ಹೋಗಿದ್ದೆವು. ಹುಕರ್ ತಿಂಗಳುಗಟ್ಟಲೆ ಕಷ್ಟಪಟ್ಟು ಏರಿದ ಲಾಚುಂಗ್, ಯುಮ್‌ಥಾಂಗ್ ದಾರಿಯಲ್ಲಿ ಈಗ ಜೀಪು ಓಡುತ್ತದೆ. ಯುಮ್‌ಥಾಂಗ್‌ನ ಬಿಸಿನೀರಿನ ಬುಗ್ಗೆಗೆ ಅವನೂ ಹೋಗಿದ್ದ ಅಂತ ನಾನು ಎಲ್ಲರಿಗೂ ಹೇಳಿ ಹೇಳಿ ತಲೆ ತಿಂದಿದ್ದೆ. ಅದರಿಂದಾಚೆ, ಇನ್ನೂ ಮೇಲೆ, ದಾರಿ ಪಕ್ಕದ ಒದ್ದೆ ನೆಲದಲ್ಲಿ ಒಂದು ಪುಟ್ಟ ನೇರಳೆ ಪ್ರಿಮುಲಾ ಕಂಡಿತು. ಯೋಚಿಸಲೇ ಇಲ್ಲ. ಬೇರು ಸಮೇತ ಕಿತ್ತು ನೋಟ್‌ಬುಕ್ಕಿನೊಳಗೆ ಇಟ್ಟೆ. ಜೀಪಿನ ಡ್ರೈವರು ಲಾಚುಂಗಿನವನೇ. ಇಲ್ಲಿ ಕೀಳಬಾರದು, ಕಾಯ್ದಿಟ್ಟ ಜಾಗ ಇದು ಅಂತ ಮೆತ್ತಗೆ ಹೇಳಿದ. ಬೈಯಲಿಲ್ಲ. ವಾಪಸು ನೆಡಲು ಆಗುತ್ತದೆಯೇ? ನಾನು ವಿಜ್ಞಾನಕ್ಕಾಗಿ ಅಂತ ಏನೋ ಗೊಣಗಿದೆ. ಅವನು ಆಮೇಲೆ ಊರು ಸೇರುವ ತನಕ ನನ್ನ ಜತೆ ಮಾತಾಡಲಿಲ್ಲ.

ಹುಕರ್ 1851ರಲ್ಲಿ ಇಂಗ್ಲೆಂಡಿಗೆ ಮರಳಿದ. ಕೊನೆಯ ವರ್ಷ ಅವನ ಜತೆ ಖಾಸಿ ಬೆಟ್ಟಗಳಲ್ಲಿ ಅಲೆದವನು ಥಾಮಸ್ ಥಾಮ್ಸನ್, ಗ್ಲಾಸ್ಗೋದಲ್ಲಿ ಒಟ್ಟಿಗೆ ಓದಿದ ಗೆಳೆಯ. ಭಾರತದಲ್ಲಿ ಸಂಗ್ರಹಿಸಿದ ಜಾತಿಗಳು ಸುಮಾರು 7,000. ಇಷ್ಟನ್ನೂ ಬಿಡಿಸಿ, ಹೋಲಿಸಿ, ಹೆಸರಿಟ್ಟು ಅಚ್ಚು ಹಾಕಬೇಕು. ಇಬ್ಬರೂ ಸೇರಿ 1855ರಲ್ಲಿ ಫ್ಲೋರಾ ಇಂಡಿಕಾ ಅಂತ ಒಂದು ಸಂಪುಟ ಹೊರತಂದರು. ಅಷ್ಟಕ್ಕೇ ನಿಂತಿತು. ಗಿಡಗಳು ಕ್ಯೂನ ಕಟ್ಟುಗಳಲ್ಲಿ ಕಾಯುತ್ತ ಕೂತವು. ನೀಲಮಣಿ ಹೂವೂ ಕಾಯಿತು.

ಈ ಕಾಯುವ ಕಾಲದಲ್ಲಿ ಅವನ ಬದುಕಿನ ದೊಡ್ಡ ಘಟನೆಗಳೆಲ್ಲ ಆಗಿಹೋದವು. ಡಾರ್ವಿನ್ನನ ಗುರು ಹೆನ್ಸ್‌ಲೋನ ಮಗಳು ಫ್ರಾನ್ಸಿಸ್‌ಳನ್ನು ಮದುವೆಯಾದ. 1854ರಲ್ಲಿ ಹಿಮಾಲಯದ ಪ್ರವಾಸಕಥನ ಬರೆದು ಡಾರ್ವಿನ್ನನಿಗೆ ಅರ್ಪಿಸಿದ. 1858ರಲ್ಲಿ ವಾಲೇಸ್ ಎಂಬುವನು ದೂರದ ದ್ವೀಪಗಳಿಂದ ಡಾರ್ವಿನ್ನನದೇ ವಿಚಾರವನ್ನು ಬರೆದು ಕಳಿಸಿದಾಗ ಡಾರ್ವಿನ್ ಕಂಗಾಲಾದ. ಜುಲೈ 1ರಂದು ಲಿನೇಯನ್ ಸೊಸೈಟಿಯಲ್ಲಿ ಇಬ್ಬರ ಬರಹವನ್ನೂ ಒಟ್ಟಿಗೆ ಓದಿಸಿ, ಯಾರಿಗೂ ಅನ್ಯಾಯವಾಗದ ಹಾಗೆ ನೋಡಿಕೊಂಡವರು ಹುಕರ್ ಮತ್ತು ಲೈಯಲ್.

ಪ್ರಿಮುಲಾ ಇಲ್ಲೂ ಒಮ್ಮೆ ಬಂದುಹೋಗುತ್ತದೆ. ತಮ್ಮೂರ ಸಾಧಾರಣ ಪ್ರಿಮ್‌ರೋಸ್ ಗಿಡಗಳಲ್ಲಿ ಎರಡು ಬಗೆ ಇರುವುದನ್ನು ಡಾರ್ವಿನ್ ಗಮನಿಸಿದ. ಒಂದು ಗಿಡದ ಹೂಗಳಲ್ಲಿ ಶಲಾಕೆ ಉದ್ದ, ಕೇಸರ ಒಳಗೆ ತಗ್ಗಿನಲ್ಲಿ. ಇನ್ನೊಂದು ಗಿಡದಲ್ಲಿ ಇದು ತಿರುಗುಮುರುಗು. ಎಲ್ಲರೂ ನೋಡಿದ್ದರು, ಯಾರೂ ಏಕೆ ಅಂತ ಕೇಳಿರಲಿಲ್ಲ. ಒಂದು ಬಗೆಯ ಪರಾಗ ಇನ್ನೊಂದು ಬಗೆಗೆ ಬಿದ್ದಾಗಲೇ ಬೀಜ ಚೆನ್ನಾಗಿ ಕಟ್ಟುತ್ತದೆ, ತನ್ನ ಬಗೆಯಲ್ಲೇ ಬಿದ್ದರೆ ಕಡಿಮೆ ಅಂತ ಡಾರ್ವಿನ್ ಕೈಯಾರೆ ಪರಾಗ ಹಚ್ಚಿ, ಬೀಜ ಎಣಿಸಿ ತೋರಿಸಿದ. ಸಗೋತ್ರ ಬೇಡ ಅನ್ನುತ್ತಾರಲ್ಲ ನಮ್ಮ ಹಿರಿಯರು, ಹಾಗೆ. 1862ರಲ್ಲಿ ಇದು ಅಚ್ಚಾಯಿತು. ಇಂಥ ಪ್ರಯೋಗಗಳಿಗೆ ಬೇಕುಬೇಕಾದ ಗಿಡಗಳನ್ನು ಕ್ಯೂನಿಂದ ಕಳಿಸಿಕೊಡುತ್ತಿದ್ದವನು ಹುಕರ್.

1863ರ ಸೆಪ್ಟೆಂಬರಿನಲ್ಲಿ ಹುಕರನ ಆರು ವರ್ಷದ ಮಗಳು ತೀರಿಕೊಂಡಳು. ಅವಳು ಹೋದ ಕೆಲಹೊತ್ತಿನಲ್ಲೇ ಅವನು ಕಾಗದ ತೆಗೆದು ಡಾರ್ವಿನ್ನನಿಗೆ ಬರೆದ. ಡಾರ್ವಿನ್ನನೂ 1851ರಲ್ಲಿ ಮಗಳನ್ನು ಕಳೆದುಕೊಂಡವನೇ. ಅಷ್ಟು ವಾದ, ಅಷ್ಟು ಗಿಡ, ಅಷ್ಟು ಬೀಜದ ಲೆಕ್ಕಗಳ ನಡುವೆ ಆ ಇಬ್ಬರ ಸ್ನೇಹ ಏನು ಅನ್ನುವುದು ನನಗೆ ತಿಳಿದದ್ದು ಈ ಒಂದು ಸಂಗತಿಯಿಂದ.

1865ರಲ್ಲಿ ಅಪ್ಪ ತೀರಿಕೊಂಡ, ಮಗ ಅದೇ ಕುರ್ಚಿಯಲ್ಲಿ ಕೂತ. ಇಪ್ಪತ್ತು ವರ್ಷ ಡೈರೆಕ್ಟರು. ಆ ಕಾಲದ ಕ್ಯೂ ಬರೀ ತೋಟವಲ್ಲ, ಸಾಮ್ರಾಜ್ಯದ ಗಿಡಗಳ ಲೇವಾದೇವಿ ಅಂಗಡಿ. 1876ರಲ್ಲಿ ಬ್ರೆಜಿಲ್‌ನಿಂದ ರಬ್ಬರ್ ಬೀಜ ಸುಮಾರು 70,000 ತರಿಸಿ, ಮೊಳಕೆ ಬಂದ ಸ್ವಲ್ಪವನ್ನು ಸಿಲೋನಿಗೆ ಸಾಗಿಸಿದ್ದು ಇವನ ಕಾಲದಲ್ಲೇ. ನಮ್ಮ ಬೆಂಗಳೂರಿನ ಲಾಲ್‌ಬಾಗಿಗೆ 1874ರಲ್ಲಿ ಬಂದ ಜಾನ್ ಕ್ಯಾಮರಾನ್ ಕ್ಯೂನಲ್ಲಿ ಪಳಗಿದವನು. ಮೂವತ್ತಕ್ಕೂ ಹೆಚ್ಚು ವರ್ಷ ಅಲ್ಲಿ ದುಡಿದ, ಗಾಜಿನ ಮನೆ ಎದ್ದದ್ದು ಅವನ ಕಾಲದಲ್ಲಿ. ಸೀಮೆಬದನೆಕಾಯಿ ತಂದವನೂ ಅವನೇ ಅನ್ನುತ್ತಾರೆ. ನಮ್ಮ ಹಾಸ್ಟೆಲಿನ ಸಾಂಬಾರಿನಲ್ಲಿ ಅದನ್ನು ದ್ವೇಷಿಸುವ ಗೆಳೆಯರು ಇನ್ನು ಮೇಲೆ ಯಾರನ್ನು ಬೈಯಬೇಕು ಅಂತ ತಿಳಿದುಕೊಳ್ಳಲಿ.

1872ರಲ್ಲಿ ಫ್ಲೋರಾ ಆಫ್ ಬ್ರಿಟಿಷ್ ಇಂಡಿಯಾ ಶುರುವಾಯಿತು. ಏಳು ಸಂಪುಟ, ಮುಗಿದದ್ದು 1897ರಲ್ಲಿ. ಈ ದೇಶದ ಹದಿನೇಳು ಸಾವಿರದಷ್ಟು ಹೂಬಿಡುವ ಗಿಡಗಳು ಅದರಲ್ಲಿವೆ, ಕೊಡಗಿನದೂ ಆಗುಂಬೆಯದೂ ಸೇರಿ. ನಡುವೆ 1874ರಲ್ಲಿ ಹೆಂಡತಿ ಫ್ರಾನ್ಸಿಸ್ ಹೋದಳು. 1878ರಲ್ಲಿ ಥಾಮ್ಸನ್ ಹೋದ. ಪ್ರಿಮುಲಾಗಳು ಬರುವ ಮೂರನೇ ಸಂಪುಟಕ್ಕೆ 1882ರ ತನಕ ಕಾಯಬೇಕಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಡಾರ್ವಿನ್ ಹೋದ, ಶವಪೆಟ್ಟಿಗೆಗೆ ಹೆಗಲುಕೊಟ್ಟ ಹಾಗೆ ಜತೆ ನಡೆದವರಲ್ಲಿ ಹುಕರ್ ಒಬ್ಬ.

ಅದೇ 1882ರಲ್ಲಿ, ಕಿತ್ತು ಮೂವತ್ತು ವರ್ಷ ಮೀರಿದ ಮೇಲೆ, ಆ ಪುಟ್ಟ ಗಿಡದ ಹೆಸರು ಅಚ್ಚಾಯಿತು. ಪ್ರಿಮುಲಾ ಸಫೈರಿನಾ, ಹುಕ್. ಎಫ್. ಮತ್ತು ಥಾಮ್ಸ್. ಗೆಳೆಯ ಸತ್ತು ನಾಲ್ಕು ವರ್ಷವಾಗಿದ್ದರೂ ಹೆಸರಿನ ಬಾಲದಲ್ಲಿ ಜತೆಗೇ ಉಳಿದ. ನನ್ನನ್ನು ಕಾಡುವುದು ಬಣ್ಣ. ಒತ್ತಿ ಒಣಗಿಸಿದ ನೀಲಿ ಹೂ ನೀಲಿಯಾಗಿ ಉಳಿಯುವುದು ಅಪರೂಪ; ಕಂದಿ ಹೋಗುತ್ತದೆ. ಮೂವತ್ತು ವರ್ಷದ ಹಳೆಯ ಹಾಳೆ ನೋಡಿ ನೀಲಮಣಿ ಅನ್ನುವ ಮಾತು ಹೊಳೆಯಲಾರದು. ಆ ಹೆಸರನ್ನು ಅವನು ಅಲ್ಲೇ, ಬೆಟ್ಟದ ಮೇಲೆ, ಮಳೆಯಲ್ಲಿ, ಗಿಡದ ಮುಂದೆ ಬಗ್ಗಿದಾಗಲೇ ಮನಸ್ಸಿನಲ್ಲಿ ಇಟ್ಟಿರಬೇಕು ಅಂತ ನನ್ನ ಊಹೆ. ಅದೇ ವರ್ಷ ಜಾರ್ಜ್ ವಾಟ್ ಎಂಬ ಸಸ್ಯಶಾಸ್ತ್ರಜ್ಞ ಇನ್ನೊಂದು ಹಿಮಾಲಯದ ಕುಳ್ಳು ಪ್ರಿಮುಲಾಕ್ಕೆ ಹುಕರನ ಹೆಸರನ್ನೇ ಇಟ್ಟ: ಪ್ರಿಮುಲಾ ಹುಕೆರಿ. ಅದೂ ಎಲೆಗಳ ನಡುವೆ ಅಡಗಿ ಕೂರುವಂಥದು.

1885ರಲ್ಲಿ ನಿವೃತ್ತಿ. ಸನ್ನಿಂಗ್‌ಡೇಲ್‌ನಲ್ಲಿ ಮನೆ ಕಟ್ಟಿಸಿಕೊಂಡು ಇನ್ನೂ ಇಪ್ಪತ್ತಾರು ವರ್ಷ ಕೆಲಸ ಮಾಡಿದ. ತೊಂಬತ್ತರ ಆಸುಪಾಸಿನಲ್ಲಿ ಅವನು ಹಿಡಿದದ್ದು ಬಾಲ್ಸಂ ಕುಲವನ್ನು, ನಮ್ಮ ಕರ್ಣಕುಂಡಲದ ಬಳಗವನ್ನು. ಮಳೆಗಾಲದಲ್ಲಿ ಘಟ್ಟದ ಬಂಡೆಗಳ ಮೇಲೆಲ್ಲ ಅರಳುತ್ತವಲ್ಲ, ಅವು. ಬೇಕಂತಲೇ ಕಷ್ಟದ್ದನ್ನು ಆರಿಸಿಕೊಂಡನೇನೋ. ಬಾಲ್ಸಂ ಹೂ ನೀರಿನ ಹನಿಯಂಥದು, ಒತ್ತಿದರೆ ಕಾಗದಕ್ಕೆ ಅಂಟಿ ಚಿತ್ರಾನ್ನವಾಗುತ್ತದೆ. ಅದನ್ನು ಬಿಸಿನೀರಿನಲ್ಲಿ ನೆನೆಸಿ, ದಳದಿಂದ ದಳ ಬಿಡಿಸಿ, ಬರಿಗಣ್ಣಿಗೆ ಕಾಣದ್ದನ್ನು ಚಿತ್ರ ಬರೆದುಕೊಳ್ಳುತ್ತಿದ್ದ. ಸಾಯುವ ವರ್ಷದ ತನಕವೂ ಬಿಡಲಿಲ್ಲ. 1911ರ ಡಿಸೆಂಬರ್ 10ರಂದು, ತೊಂಬತ್ತನಾಲ್ಕನೇ ವಯಸ್ಸಿನಲ್ಲಿ, ನಿದ್ದೆಯಲ್ಲೇ ಹೋದ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಡಾರ್ವಿನ್ನನ ಬಳಿ ಜಾಗ ಕೊಡಲು ಸಿದ್ಧರಿದ್ದರು. ಅವನ ಇಷ್ಟದಂತೆ ಕ್ಯೂನ ಸೇಂಟ್ ಆನ್ಸ್ ಚರ್ಚಿನಲ್ಲಿ, ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದರು. ಹುಕರನ ಮಗ.

ನನ್ನ ನೋಟ್‌ಬುಕ್ಕಿನ ಪ್ರಿಮುಲಾ ಈಗ ಚಹಾದ ಬಣ್ಣಕ್ಕೆ ತಿರುಗಿದೆ. ಊರಿಗೆ ಬಂದ ಮೇಲೆ ಮೂರನೇ ಸಂಪುಟ ತೆಗೆದು, ಭೂತಗನ್ನಡಿ ಹಿಡಿದು, ಯಾವ ಜಾತಿ ಅಂತ ಮೂರು ಸಂಜೆ ನೋಡಿದೆ. ಸಫೈರಿನಾ ಅಲ್ಲ, ಅದು ಖಂಡಿತ. ಹೂವಿನ ಒಳಭಾಗ ಜಜ್ಜಿಹೋಗಿರುವುದರಿಂದ ಮುಂದಕ್ಕೆ ಹೋಗಲು ಆಗಲಿಲ್ಲ. ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಚೀಟಿ ಬರೆದೆ. ಕುಲ ಪ್ರಿಮುಲಾ, ಜಾತಿ ತಿಳಿಯದು. ಜಾಗ ಯುಮ್‌ಥಾಂಗ್‌ನ ಮೇಲ್ಭಾಗ. ಸಂಗ್ರಹಿಸಿದವರು ಅನ್ನುವ ಕಡೆ ನನ್ನ ಹೆಸರು ಬರೆದು, ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತೆ. ಆ ಡ್ರೈವರನ ಹೆಸರು ನಾನು ಕೇಳಿಯೇ ಇರಲಿಲ್ಲ.